ಉತ್ತರ ದಿಕ್ಕಿನ ಕ್ಷೌರದ ಕೋಣೆ

ಆ ಆಗಸ್ಟಿನಲ್ಲಿ ನಮ್ಮ ಮನೆಯಲ್ಲಿ ತಂಪಾಗಿದ್ದ ಜಾಗ ಒಂದೇ, ಬಚ್ಚಲುಮನೆಯ ನೆಲ. ಮಧ್ಯಾಹ್ನವಾದರೆ ಮಗಳು ಅಲ್ಲಿ ಟವೆಲ್ ಹಾಸಿ ಮಲಗಿ ಮೊಬೈಲ್ ನೋಡುತ್ತಿದ್ದಳು. ಯಾರಿಗಾದರೂ ಸ್ನಾನಕ್ಕೆ ಹೋಗಬೇಕೆಂದರೆ ಮೊದಲು ಅವಳನ್ನು ಎಬ್ಬಿಸಬೇಕು. ಆಮ್‌ಸ್ಟರ್‌ಡ್ಯಾಮಿನ ಪಕ್ಕದ ಆಮ್ಸ್ಟೆಲ್‌ವೀನ್‌ನಲ್ಲಿ ನಮ್ಮದು ಕೊನೆಯ ಮಹಡಿಯ ಫ್ಲ್ಯಾಟ್. ಚಳಿಗಾಲದಲ್ಲಿ ಒಳಗಿನ ಬಿಸಿ ಒಂದು ಚೂರೂ ಹೊರಹೋಗದಂತೆ ಕಟ್ಟಿದ ಮನೆಗಳು ಇಲ್ಲಿನವು. ಬೇಸಿಗೆಯಲ್ಲೂ ಅವು ಅದೇ ಕೆಲಸವನ್ನು ಅಷ್ಟೇ ನಿಷ್ಠೆಯಿಂದ ಮಾಡುತ್ತವೆ. ಸೂರ್ಯ ಮುಳುಗುವುದು ರಾತ್ರಿಯ ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ. ಅಲ್ಲಿಯವರೆಗೂ ಗೋಡೆಗಳು ಕಾಯುತ್ತಲೇ ಇರುತ್ತವೆ.

ಮಂಗಳೂರಿನಿಂದ ಅಕ್ಕ ಫೋನ್ ಮಾಡಿ ನಕ್ಕಿದ್ದಳು. "ಮೂವತ್ತೈದಾ? ಅದೊಂದು ಸೆಕೆಯಾ ಮಾರಾಯ್ತಿ? ಇಲ್ಲಿ ಎಪ್ರಿಲಲ್ಲಿ ಕರೆಂಟ್ ಹೋದ್ರೆ ಗೊತ್ತಾಗ್ತದೆ ನಿಂಗೆ."

"ಅಲ್ಲಿ ತಲೆ ಮೇಲೆ ಫ್ಯಾನ್ ಉಂಟಲ್ಲಾ ಅಕ್ಕ. ಇಲ್ಲಿ ಫ್ಯಾನ್ ಸಿಕ್ಕಿಸ್ಲಿಕ್ಕೆ ಕೊಕ್ಕೆಯೂ ಇಲ್ಲ" ಎಂದೆ.

ನನ್ನ ಗಂಡ ಬೆಂಗಳೂರಿನವರು. ಹೂಫ್‌ಡಾರ್ಪ್‌ನ ಒಂದು ಆಫೀಸಿನ ಕೆಲಸವನ್ನು ಕೊರೊನಾ ಕಾರಣಕ್ಕೆ ಮಾರ್ಚಿನಿಂದ ಅಡುಗೆಮನೆಯ ಮೇಜಿನ ಮೇಲೆ ಮಾಡುತ್ತಿದ್ದರು. ಕ್ಯಾಮೆರಾಗೆ ಕಾಣುವಷ್ಟು ಇಸ್ತ್ರಿ ಅಂಗಿ, ಕೆಳಗೆ ಪಂಚೆ. "ಟೇಬಲ್ ಫ್ಯಾನ್ ಎಲ್ಲೂ ಸಿಗ್ತಿಲ್ಲ ಕಣೇ. ಆನ್‌ಲೈನ್‌ನಲ್ಲಿ ಸೆಪ್ಟೆಂಬರ್ ಡೆಲಿವರಿ ಅಂತೆ" ಎಂದರು ಒಂದು ದಿನ.

"ಸೆಪ್ಟೆಂಬರಿಗೆ ಹೀಟರ್ ಬೇಕಾಗ್ತದೆ ಮಾರಾಯ್ರೇ."

ನಾನು ಆಮ್‌ಸ್ಟರ್‌ಡ್ಯಾಮಿನ ದಕ್ಷಿಣ ಭಾಗದ ಒಂದು ಆರೈಕೆ ಮನೆಯಲ್ಲಿ ನರ್ಸ್. ವೃದ್ಧಾಶ್ರಮ ಎಂದರೆ ಊರಿನವರು ಬೇರೇನನ್ನೋ ಊಹಿಸುತ್ತಾರೆ. ಇದು ಅರ್ಧ ಆಸ್ಪತ್ರೆ, ಅರ್ಧ ಮನೆ. ಪ್ರತಿಯೊಬ್ಬ ಹಿರಿಯರಿಗೂ ತಮ್ಮದೇ ಕೋಣೆ, ಅದರಲ್ಲಿ ತಮ್ಮದೇ ಕುರ್ಚಿ, ಗೋಡೆಯ ಮೇಲೆ ತಮ್ಮದೇ ಮದುವೆಯ ಫೋಟೋ. ಸೋಂಕಿನ ಭಯಕ್ಕೆ ಟ್ರಾಮ್ ಬಿಟ್ಟು ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದೆ. ವಾಪಸು ಬರುವ ದಾರಿಯಲ್ಲಿ ಕಾಲುವೆಯ ದಂಡೆಗಳ ಮೇಲೆ ಜನ ತುಂಬಿರುತ್ತಿದ್ದರು. ಹುಡುಗರು ಸೇತುವೆಯಿಂದ ನೀರಿಗೆ ಹಾರುತ್ತಿದ್ದರು, ದೋಣಿಗಳಲ್ಲಿ ಹಾಡು, ಬಿಯರು, ನಗು. ವಸಂತವಿಡೀ ಒಳಗಿದ್ದವರು ಬೇಸಿಗೆಗೆ ಹೊರಬಂದಿದ್ದರು. ಅವರ ಮೇಲೆ ಸಿಟ್ಟು ಬರುತ್ತಿರಲಿಲ್ಲ, ಸಿಟ್ಟಿಗೂ ತ್ರಾಣ ಬೇಕು. ಮುಖದ ಮೇಲೆ ಮಾಸ್ಕಿನ ಗೀರು ಹೊತ್ತು, ಯಾರನ್ನೂ ನೋಡದೆ ಪೆಡಲ್ ತುಳಿಯುತ್ತಿದ್ದೆ.

ನಮ್ಮದು ಮೂರನೆಯ ಮಹಡಿ. ಉದ್ದನೆಯ ಮೊಗಸಾಲೆ, ಒಂದು ಬದಿಯ ಕೋಣೆಗಳು ಪೂರ್ವಕ್ಕೆ, ಇನ್ನೊಂದು ಬದಿಯವು ಪಶ್ಚಿಮಕ್ಕೆ. ಬಿಸಿಲೇ ಅಪರೂಪವಾದ ಈ ದೇಶದಲ್ಲಿ ಪಶ್ಚಿಮದ ಕೋಣೆ ಸಿಕ್ಕವರನ್ನು ಅದೃಷ್ಟವಂತರು ಎನ್ನುತ್ತಿದ್ದರು. ಸಂಜೆಯ ಬಿಸಿಲು ನೇರವಾಗಿ ಹಾಸಿಗೆಯ ಮೇಲೆ ಬೀಳಬೇಕೆಂದು ಕಿಟಕಿಗಳನ್ನೂ ದೊಡ್ಡದಾಗಿ ಇಟ್ಟಿದ್ದರು.

ಸೆಕೆ ಏರತೊಡಗಿದ ವಾರವೇ ನಮ್ಮ ಮಹಡಿಯ ಒಬ್ಬ ಆರೈಕೆ ಸಿಬ್ಬಂದಿಗೆ ಸೋಂಕು ಇರುವುದು ಗೊತ್ತಾಯಿತು. ಅಂದೇ ಮಹಡಿ ಬಂದ್. ಹೊರಗಿನವರು ಯಾರೂ ಬರುವಂತಿಲ್ಲ. ಹಿರಿಯರು ತಮ್ಮ ತಮ್ಮ ಕೋಣೆಯಲ್ಲೇ ಇರಬೇಕು, ಬಾಗಿಲು ಹಾಕಿರಬೇಕು. ಫ್ಯಾನ್ ಬಳಸುವಂತಿಲ್ಲ, ಗಾಳಿಯನ್ನು ಸುತ್ತಾಡಿಸಿದರೆ ರೋಗವೂ ಸುತ್ತಾಡುತ್ತದೆ ಎಂಬ ಭಯ. ಫ್ಯಾನುಗಳನ್ನು ತೆಗೆದುಕೊಂಡು ಹೋಗಿ ಬಟ್ಟೆಯ ಕೋಣೆಯಲ್ಲಿ ಸಾಲಾಗಿ ಇಟ್ಟವಳು ನಾನೇ. ಒಬ್ಬೊಬ್ಬರ ಕೋಣೆಯಿಂದಲೂ ತಂತಿ ಕಿತ್ತು ಸುತ್ತಿ ಎತ್ತಿಕೊಂಡು ಬರುವಾಗ ಅವರು ನೋಡುತ್ತಿದ್ದ ನೋಟವನ್ನು ವಿವರಿಸಲು ಹೋಗುವುದಿಲ್ಲ.

ಆ ದಿನಗಳ ಕೆಲಸ ಹೀಗಿತ್ತು. ಕೋಣೆಯ ಹೊರಗೆ ನಿಂತು ತೋಳಿರುವ ಪ್ಲಾಸ್ಟಿಕ್ ಗೌನು, ಮಾಸ್ಕು, ಕನ್ನಡಕ, ಗ್ಲೌಸು ಹಾಕಿಕೊಳ್ಳುವುದು. ಒಳಗೆ ಹೋಗಿ ಕುಡಿಸುವುದು, ಮೈ ಒರೆಸುವುದು, ಜ್ವರ ನೋಡುವುದು. ಹೊರಬರುವ ಮೊದಲು ಎಲ್ಲವನ್ನೂ ಕಳಚಿ ಚೀಲಕ್ಕೆ ಹಾಕಿ ಕೈ ತೊಳೆಯುವುದು. ಮುಂದಿನ ಬಾಗಿಲಲ್ಲಿ ಮತ್ತೆ ಮೊದಲಿನಿಂದ. ಗ್ಲೌಸು ತೆಗೆದರೆ ಬೆರಳ ತುದಿಗಳಿಂದ ಬೆವರು ನೀರಾಗಿ ಸುರಿಯುತ್ತಿತ್ತು.

ವಯಸ್ಸಾದವರಿಗೆ ಬಾಯಾರಿಕೆ ಆಗುವುದೇ ಕಡಿಮೆ. "ಬೇಡ ಝುಸ್ಟರ್, ಈಗಷ್ಟೇ ಕುಡಿದೆ" ಎನ್ನುತ್ತಾರೆ. ಝುಸ್ಟರ್ ಎಂದರೆ ಇಲ್ಲಿ ಸಿಸ್ಟರ್. ಮುಂದಿನ ಸುತ್ತಿಗೆ ಹೋದಾಗ ಲೋಟ ತುಂಬಿದ್ದಂತೆಯೇ ಇರುತ್ತದೆ. ನೀರು ಬೇಡವೆಂದವರಿಗೆ ಕಲ್ಲಂಗಡಿ, ಐಸ್ ಕ್ಯಾಂಡಿ, ಉಪ್ಪು ಜಾಸ್ತಿಯಾದ ಸೂಪು. ಎಲ್ಲಕ್ಕಿಂತ ಚೆನ್ನಾಗಿ ಖರ್ಚಾಗುತ್ತಿದ್ದುದು ಮಜ್ಜಿಗೆ. ಇಲ್ಲಿನ ಅಂಗಡಿಗಳಲ್ಲಿ ಹಾಲಿನ ಪಕ್ಕದಲ್ಲೇ ಅದರ ಡಬ್ಬಿ ಇರುತ್ತದೆ, ಹಳೆಯ ತಲೆಮಾರಿನ ಡಚ್ಚರಿಗೆ ಬಲು ಇಷ್ಟ. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಮಜ್ಜಿಗೆಯ ಊರಿನಿಂದ ಇಷ್ಟು ದೂರ ಬಂದು ಡಚ್ ಅಜ್ಜನ ಬಾಯಿಗೆ ಮಜ್ಜಿಗೆ ಹಿಡಿಯುವುದು ನನ್ನ ಪಾಲಿಗೆ ಬಂದಿತ್ತು.

ನನ್ನ ಜೊತೆಗಿದ್ದವಳು ಹಿಂದೆ ಡಚ್ಚರ ವಸಾಹತಾಗಿದ್ದ ಸುರಿನಾಮಿನಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಇಲ್ಲಿಗೆ ಬಂದ ಹೆಂಗಸು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಅವಳ ಮುತ್ತಜ್ಜ ಬಿಹಾರದಿಂದ ಕಬ್ಬಿನ ತೋಟಕ್ಕೆ ಹಡಗು ಹತ್ತಿದವನಂತೆ. ನನ್ನನ್ನು 'ಬಹಿನ್' ಎಂದು ಕರೆಯುತ್ತಿದ್ದಳು. ಅವಳ ಹಿಂದಿ ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ಶಾಲೆಯ ಹಿಂದಿ ಅವಳಿಗೆ ಪೂರ್ತಿ ನಗು ತರಿಸುತ್ತಿತ್ತು. ಹಾಗಾಗಿ ಗಂಭೀರ ವಿಷಯಗಳನ್ನೆಲ್ಲ ಡಚ್ಚಿನಲ್ಲೇ ಮಾತಾಡುತ್ತಿದ್ದೆವು.

ಮಹಡಿ ಬಂದ್ ಆಗಿ ಕೆಲವು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ ಇಬ್ಬರಿಗೆ ಜ್ವರ ಕಾಣಿಸಿಕೊಂಡಿತು. ಇಬ್ಬರದೂ ಪಶ್ಚಿಮದ ಕೋಣೆ.

ಒಬ್ಬರು ಈಜು ಕಲಿಸುತ್ತಿದ್ದ ಟೀಚರ್. ನೀರಿನಿಂದ ತುಂಬಿದ ಈ ದೇಶದಲ್ಲಿ ಬಹುತೇಕ ಎಲ್ಲ ಮಕ್ಕಳೂ ಈಜು ಕಲಿತು ಸರ್ಟಿಫಿಕೇಟ್ ಪಡೆಯುತ್ತಾರೆ. ಊರಿನ ಎರಡು ತಲೆಮಾರಿಗೆ ಅವರು ಈಜು ಕಲಿಸಿದ್ದರು. ಈಗ ಮರೆವಿನ ಕಾಯಿಲೆ. ಮಾತು ಹೆಚ್ಚಿಲ್ಲ, ಆದರೆ ದನಿ ಇನ್ನೂ ಕೊಳದ ಆಚೆ ದಡಕ್ಕೆ ಕೇಳುವಂತಿತ್ತು. ಇನ್ನೊಬ್ಬರು ಗಂಡಸರ ಸೂಟ್ ಹೊಲಿಯುತ್ತಿದ್ದ ದರ್ಜಿ. ತಲೆ ಚುರುಕಾಗಿತ್ತು, ಸೋತದ್ದು ಹೃದಯ. ಅವರ ಹೃದಯಕ್ಕೆ ಹೆಚ್ಚು ನೀರನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಕುಡಿಯುವುದಕ್ಕೆ ಅಳತೆ ಇತ್ತು, ನೀರು ಹೊರಹಾಕಲು ಮಾತ್ರೆ ಇತ್ತು. ಸೆಕೆಯಲ್ಲಿ ಅದೇ ಮಾತ್ರೆ ಅವರನ್ನು ಒಣಗಿಸುತ್ತಿತ್ತು. ಒಬ್ಬರಿಗೆ ಎಷ್ಟು ಕುಡಿಸಿದರೂ ಸಾಲದು, ಇನ್ನೊಬ್ಬರಿಗೆ ಒಂದು ಲೋಟ ಹೆಚ್ಚಾದರೂ ಅಪಾಯ.

ನಮ್ಮ ವೈದ್ಯರು ಹಲವು ಆರೈಕೆ ಮನೆಗಳನ್ನು ಫೋನಿನಲ್ಲೇ ನೋಡಿಕೊಳ್ಳುತ್ತಿದ್ದರು. ಅವರ ದನಿಯಲ್ಲೂ ನಿದ್ದೆಗೆಟ್ಟ ದಣಿವು.

"ಜ್ವರ ಅಂದ್ರೆ ಕೊರೊನಾ ಅಂತಲೇ ಹಿಡೀಬೇಕು. ಸ್ವಾಬ್ ಕಳಿಸಿ. ರಿಸಲ್ಟ್ ಬರೋವರೆಗೂ ಬಾಗಿಲು ಹಾಕಿಡಿ" ಎಂದರು.

"ಡಾಕ್ಟರ್, ಅವರ ಕೋಣೆಯೊಳಗೇ ಮೂವತ್ತನಾಲ್ಕು ಇದೆ. ಇದು ಸೆಕೆಯಿಂದ ಬಂದ ಜ್ವರ ಆಗಿದ್ರೆ?"

"ಆಗಿರಬಹುದು. ನಿಮಗೆ ಖಾತ್ರಿಯಿದೆಯಾ?"

ಇರಲಿಲ್ಲ. ದರ್ಜಿಯವರ ನೀರಿನ ಮಾತ್ರೆಯನ್ನು ಅರ್ಧಕ್ಕಿಳಿಸಲು, ಟೀಚರಿಗೆ ಚರ್ಮದಡಿಗೆ ಡ್ರಿಪ್ ಹಾಕಲು ಹೇಳಿ ಅವರು ಫೋನ್ ಇಟ್ಟರು.

ಚರ್ಮದಡಿಯ ಡ್ರಿಪ್ ಎಂದರೆ ರಕ್ತನಾಳ ಹುಡುಕಬೇಕಾಗಿಲ್ಲ. ತೊಡೆಯ ಚರ್ಮವನ್ನು ಚಿವುಟಿ ಎತ್ತಿ ಸಣ್ಣ ಸೂಜಿ ಚುಚ್ಚಿ, ಉಪ್ಪುನೀರನ್ನು ಬಹಳ ನಿಧಾನ ಹನಿಸುವುದು. ಅಲ್ಲಿ ಚಿಕ್ಕ ದಿಂಬಿನಂತೆ ಊದಿ ಆಮೇಲೆ ಮೈಯೊಳಗೆ ಇಳಿಯುತ್ತದೆ. ಟೀಚರ್ ಅದನ್ನು ಸ್ವಲ್ಪ ಹೊತ್ತಿನಲ್ಲೇ ಕಿತ್ತುಹಾಕಿದರು. ಹಾಸಿಗೆ ಒದ್ದೆ, ಅವರ ಮುಖದಲ್ಲಿ ಏನೋ ಗೆದ್ದ ಸಂತೋಷ. ಎರಡನೆಯ ಸಲ ಹೊಟ್ಟೆಗೆ ಹಾಕಿದೆ, ಅದನ್ನೂ ಕಿತ್ತರು. ಮೂರನೆಯ ಸಲ ಕೈಗೆ ಎಟುಕದಂತೆ ಬೆನ್ನಿನಲ್ಲಿ, ಹೆಗಲ ಮೂಳೆಯ ಕೆಳಗೆ ಚುಚ್ಚಿ ಪಟ್ಟಿ ಹಚ್ಚಿದೆ. ಅದು ನಿಂತಿತು. ಆದರೆ ಮರುದಿನ ಬೆಳಿಗ್ಗೆ ಹೋಗಿ ಮುಟ್ಟಿದಾಗ ಅವರ ಮೈ ಇನ್ನೂ ಸುಡುತ್ತಿತ್ತು. ನಾಲಿಗೆ ಒಣಗಿತ್ತು. ಎದೆಮೂಳೆಯ ಮೇಲಿನ ಚರ್ಮವನ್ನು ಎತ್ತಿ ಬಿಟ್ಟರೆ ಹಾಗೆಯೇ ನಿಲ್ಲುತ್ತಿತ್ತು. ಹೆಸರು ಹಿಡಿದು ಕರೆದರೆ ಕಣ್ಣು ತೆರೆಯಲು ಬಹಳ ಹೊತ್ತು ಹಿಡಿಯಿತು.

ಹಿಂದಿನ ಸಂಜೆಗಳ ಉಷ್ಣತೆಯ ಅಂಕಿಗಳನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಪೂರ್ವದ ಕೋಣೆಯವರೆಲ್ಲ ಸರಿಯಾಗಿದ್ದರು. ಪಶ್ಚಿಮದವರೆಲ್ಲರ ಮೈಬಿಸಿ ಸಂಜೆಯಾದಂತೆ ಸ್ವಲ್ಪ ಸ್ವಲ್ಪವೇ ಏರಿತ್ತು. ಅಂದರೆ ಇವರಿಬ್ಬರ ಜ್ವರದಲ್ಲಿ ಕೋಣೆಯ ಪಾಲೆಷ್ಟು, ರೋಗದ ಪಾಲೆಷ್ಟು ಎಂದು ಹೇಳುವಂತಿರಲಿಲ್ಲ. ಅದು ಗೊತ್ತಾಗಬೇಕಾದರೆ ಅವರನ್ನು ತಂಪಾದ ಜಾಗದಲ್ಲಿ ಇಟ್ಟು ನೋಡಬೇಕು. ತಂಪಾದ ಜಾಗ ಎಲ್ಲಿದೆ? ಪೂರ್ವದ ಕೋಣೆಗಳೆಲ್ಲ ಭರ್ತಿ. ಕೆಳಗಿನ ಊಟದ ಹಾಲಿನಲ್ಲಿ ಬೇರೆ ಮಹಡಿಯವರಿದ್ದರು. ವ್ಯಾಯಾಮದ ಕೋಣೆಯಲ್ಲಿ ಗೌನಿನ ರಟ್ಟಿನ ಪೆಟ್ಟಿಗೆಗಳು ಛಾವಣಿಯವರೆಗೆ.

ಅಡುಗೆಮನೆಯಿಂದ ಐಸ್ ತರಲೆಂದು ಕೆಳಗಿಳಿದವಳು ಬರುವಾಗ ಹಿಂದಿನ ಮೊಗಸಾಲೆಯಿಂದ ಬಂದೆ. ಅಲ್ಲಿ ಒಂದು ಗಾಜಿನ ಬಾಗಿಲು, ಅದರ ಮೇಲೆ ಕತ್ತರಿ ಬಾಚಣಿಗೆಯ ಚಿತ್ರ. ನಮ್ಮ ಆರೈಕೆ ಮನೆಯ ಕ್ಷೌರದ ಕೋಣೆ. ವಾರಕ್ಕೆರಡು ಸಲ ಒಬ್ಬ ಹೆಂಗಸು ಬಂದು ಅಜ್ಜ ಅಜ್ಜಿಯರ ಕೂದಲು ಕತ್ತರಿಸಿ, ಸುರುಳಿ ಹಾಕಿ ಹೋಗುತ್ತಿದ್ದಳು. ಮಾರ್ಚಿನಿಂದ ಬೀಗ ಬಿದ್ದಿತ್ತು. ಯಾವ ಯೋಚನೆಯೂ ಇಲ್ಲದೆ ದಣಿವಿಗೆ ಆ ಗಾಜಿಗೆ ಹಣೆ ಆನಿಸಿದೆ. ಗಾಜು ತಣ್ಣಗಿತ್ತು.

ರಿಸೆಪ್ಷನ್ನಿನಿಂದ ಬೀಗದ ಕೈ ತಂದು ತೆರೆದೆ. ಉತ್ತರಕ್ಕೆ ಮುಖಮಾಡಿದ ಕೋಣೆ, ಹೊರಗೆ ಒಂದು ದೊಡ್ಡ ಮರದ ನೆರಳು. ಟೈಲ್ಸಿನ ನೆಲ, ತಲೆ ತೊಳೆಯುವ ಎರಡು ಬೇಸಿನ್ನು, ಗೋಡೆಯುದ್ದ ಕನ್ನಡಿ. ಒಂದು ಬದಿಯಲ್ಲಿ ನೇರವಾಗಿ ತೋಟಕ್ಕೆ ತೆರೆಯುವ ಬಾಗಿಲು, ಎದುರು ಬದಿಯಲ್ಲಿ ಹಿತ್ತಿಲಿಗೆ ಇನ್ನೊಂದು. ಶಾಂಪೂವಿನ ಹಳೆಯ ವಾಸನೆ. ಮೂರನೆಯ ಮಹಡಿಗೂ ಇದಕ್ಕೂ ಹತ್ತು ಡಿಗ್ರಿಯ ಅಂತರವಿತ್ತು.

ಒಬ್ಬರಿಗೆ ಹೇಳಿ ಮಾಡಿಸಿದ ಪ್ರತ್ಯೇಕ ಕೋಣೆ. ಆದರೆ ನನ್ನ ಬಳಿ ಇಬ್ಬರಿದ್ದರು.

ಸುರಿನಾಮದವಳನ್ನು ಕರೆದು ತೋರಿಸಿದೆ. ಅವಳು ಮಧ್ಯದಲ್ಲಿ ನಿಂತು ಸುತ್ತ ನೋಡಿದಳು.

"ಟೀಚರನ್ನ ತಾ. ಒಬ್ಬರನ್ನ ಮಾತ್ರ" ಎಂದಳು.

"ದರ್ಜಿ?"

"ಬಹಿನ್, ಇಬ್ಬರಲ್ಲಿ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದಿದ್ರೆ? ನೀನೇ ಕೈಯಾರೆ ಹಚ್ಚಿಸಿದ ಹಾಗೆ ಆಗ್ತದೆ. ಆಮೇಲೆ ನಿಂಗೆ ನಿದ್ದೆ ಬರ್ತದಾ?"

"ದರ್ಜಿಯನ್ನ ಮೇಲೆ ಬಿಟ್ರೆ ಬರ್ತದಾ?"

ದರ್ಜಿಯವರು ಬೆಳಿಗ್ಗೆಯಿಂದ ಕುಳಿತೇ ಉಸಿರಾಡುತ್ತಿದ್ದರು. ಮಲಗಲು ಆಗುತ್ತಿರಲಿಲ್ಲ. ಸ್ವಲ್ಪ ಕೆಮ್ಮೂ ಇತ್ತು, ಆದರೆ ಸೋತ ಹೃದಯದವರಿಗೆ ಕೆಮ್ಮು ಹೊಸದಲ್ಲ. ಸ್ವಾಬಿನ ಫಲಿತಾಂಶ ಬರುವುದು ಮರುದಿನ. ಆ ಮಧ್ಯಾಹ್ನದ ಬಿಸಿಲು ಅಷ್ಟು ಹೊತ್ತು ಕಾಯುವುದಿಲ್ಲ.

ಮತ್ತೆ ವೈದ್ಯರಿಗೆ ಫೋನ್ ಮಾಡಿದೆ. ಕೋಣೆಯ ಅಳತೆ, ಎರಡು ಬಾಗಿಲು, ಇಬ್ಬರ ಸ್ಥಿತಿ, ಎಲ್ಲ ಹೇಳಿದೆ.

"ಇಬ್ಬರನ್ನೂ ಒಂದೇ ಕಡೆ ಇಡಿ ಅಂತ ನಾನು ಹೇಳಲಾರೆ" ಎಂದರು. "ಇಡಬೇಡಿ ಅಂತಲೂ ಹೇಳೋದಿಲ್ಲ. ಅಲ್ಲಿ ಇರೋದು ನೀವು."

ಫೋನ್ ಇಟ್ಟು ಅಲ್ಲಿದ್ದ ಕ್ಷೌರದ ಕುರ್ಚಿಯ ಮೇಲೆ ಕುಳಿತೆ. ಎದುರಿನ ಕನ್ನಡಿಯಲ್ಲಿ ನನ್ನ ಮುಖ ಕಂಡಿತು, ಬೇರೆ ಯಾರದೋ ಎನಿಸುವಷ್ಟು ಊದಿತ್ತು. ಮಂಗಳೂರಿನಲ್ಲಿ ಕಲಿಯುವಾಗ ನಮ್ಮ ಮೇಡಂ ಯಾವಾಗಲೂ ಕೇಳುತ್ತಿದ್ದರು, 'ಈಗ ಕಣ್ಣೆದುರು ಇರುವ ಅಪಾಯ ಯಾವುದು?' ಅಂತ. ಕಣ್ಣೆದುರು ಇದ್ದದ್ದು ಸೆಕೆ. ಅದಕ್ಕೆ ಯಾವ ಪರೀಕ್ಷೆಯೂ ಬೇಕಾಗಿರಲಿಲ್ಲ. ಇಬ್ಬರನ್ನೂ ತರುವುದೆಂದು ತೀರ್ಮಾನಿಸಿ ಎದ್ದೆ.

ಮೊದಲು ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆಂದು ತಿಳಿಯಬೇಕಿತ್ತು. ಎರಡೂ ಬಾಗಿಲು ತೆರೆದು, ಟಿಶ್ಯೂ ಕಾಗದದ ಪಟ್ಟಿಗಳನ್ನು ಕೂದಲು ಒಣಗಿಸುವ ಡ್ರೈಯರಿನ ಕಂಬಕ್ಕೂ ಕನ್ನಡಿಯ ಅಂಚಿಗೂ ಅಂಟಿಸಿ ನೋಡಿದೆವು. ಪಟ್ಟಿಗಳೆಲ್ಲ ಹಿತ್ತಿಲ ಕಡೆಗೆ ವಾಲಿದವು. ತೋಟದಿಂದ ಒಳಬಂದ ಗಾಳಿ ಹಿತ್ತಿಲಿಗೆ ಹೋಗುತ್ತಿತ್ತು. ಹಾಗಾದರೆ ಟೀಚರ್ ತೋಟದ ಬಾಗಿಲ ಬಳಿ, ಕೆಮ್ಮುವ ದರ್ಜಿಯವರು ಹಿತ್ತಿಲ ಬಾಗಿಲ ಬಳಿ. ದರ್ಜಿಯವರ ಉಸಿರು ಟೀಚರ ಕಡೆ ಬರದಂತೆ. ನಡುವೆ ಸ್ನಾನದ ಕೋಣೆಯ ಪ್ಲಾಸ್ಟಿಕ್ ಪರದೆಯನ್ನು ಎರಡು ಡ್ರಿಪ್ ಸ್ಟ್ಯಾಂಡುಗಳಿಗೆ ಕಟ್ಟಿ ನಿಲ್ಲಿಸಿದೆವು. ಪ್ರತಿಯೊಬ್ಬರಿಗೂ ಬೇರೆ ಬೇಸಿನ್ನು, ಬೇರೆ ಥರ್ಮಾಮೀಟರು, ಒಬ್ಬರಿಂದ ಇನ್ನೊಬ್ಬರ ಕಡೆ ಹೋಗುವ ಮುಂಚೆ ಗೌನು ಬದಲು. ಗಾಳಿ ದಿಕ್ಕು ಬದಲಿಸಿದರೆ ಏನು ಮಾಡುವುದೆಂದು ಅವಳು ಕೇಳಿದಳು. ಪಟ್ಟಿಗಳನ್ನು ನೋಡುತ್ತಿರಬೇಕು, ಬದಲಾದರೆ ಬಾಗಿಲು ಹಾಕಬೇಕು ಎಂದೆ.

ಲಿಫ್ಟನ್ನು ನಮಗಾಗಿಯೇ ಬೀಗದ ಕೈ ಹಾಕಿ ನಿಲ್ಲಿಸಿ, ಮೊಗಸಾಲೆ ಖಾಲಿ ಮಾಡಿಸಿ, ಮಾಸ್ಕ್ ಹಾಕಿದ ಇಬ್ಬರನ್ನೂ ಒಬ್ಬೊಬ್ಬರಾಗಿ ಮಂಚದ ಸಮೇತ ಇಳಿಸಿದೆವು. ಪ್ರತಿ ಸಲ ಲಿಫ್ಟಿನ ಗೋಡೆ, ಗುಂಡಿ, ಕಂಬಿ ಒರೆಸಿದೆವು. ಮಂಚದ ಚಕ್ರವೊಂದು ಲಿಫ್ಟಿನ ಬಾಯಿಯಲ್ಲಿ ಸಿಕ್ಕಿಕೊಂಡಾಗ ನಮ್ಮಿಬ್ಬರಿಗೂ ಎತ್ತುವ ಶಕ್ತಿ ಇರಲಿಲ್ಲ. ನಿಂತು, ಉಸಿರು ತಗೊಂಡು, ಮತ್ತೆ ತಳ್ಳಿದೆವು.

ದರ್ಜಿಯವರು ಒಳಬಂದವರೇ ಕನ್ನಡಿ ನೋಡಿದರು. "ಕಟಿಂಗಿಗೆ ಕರೆತಂದ್ರಾ? ಐದು ತಿಂಗಳು ತಡವಾಯ್ತು."

ಟೀಚರ ಕಾಲುಗಳ ಮೇಲೆ ಒದ್ದೆ ಬಟ್ಟೆ ಹಾಸಿದೆ, ಮಣಿಕಟ್ಟುಗಳನ್ನು ಒರೆಸುತ್ತಲೇ ಇದ್ದೆ. ಬೆನ್ನಿನ ಡ್ರಿಪ್ ಹನಿಯುತ್ತಿತ್ತು. ಕಾಗದದ ಪಟ್ಟಿಗಳು ಹಿತ್ತಿಲ ಕಡೆಗೇ ವಾಲಿದ್ದವು. ಸಂಜೆಯ ಹೊತ್ತಿಗೆ ಅವರ ಜ್ವರ ಇಳಿಯಿತು. ಮಜ್ಜಿಗೆಯ ಲೋಟವನ್ನು ತಾವೇ ಕೈಯಲ್ಲಿ ಹಿಡಿದರು. ಪರದೆಯ ಆ ಬದಿಯಲ್ಲಿ ದರ್ಜಿಯವರ ಉಸಿರಾಟ ಹಗುರವಾಯಿತು, ಒರಗಿ ಮಲಗುವಷ್ಟಾಯಿತು. ಆದರೆ ಅವರ ಜ್ವರ ಮಾತ್ರ ಇದ್ದಲ್ಲೇ ಇತ್ತು. ಥರ್ಮಾಮೀಟರನ್ನು ಎರಡು ಸಲ ನೋಡಿದೆ. ಸೆಕೆ ತೆಗೆದ ಮೇಲೂ ಉಳಿದ ಜ್ವರ ಏನು ಹೇಳುತ್ತಿದೆ ಎಂದು ನನಗೂ ಗೊತ್ತಾಯಿತು, ಸುರಿನಾಮದವಳಿಗೂ.

ಮರುದಿನ ಫಲಿತಾಂಶ ಬಂತು. ಟೀಚರಿಗೆ ಇಲ್ಲ. ದರ್ಜಿಯವರಿಗೆ ಇದೆ.

ಆ ಹೊತ್ತಿಗೆ ಪೂರ್ವದ ಒಂದು ಕೋಣೆಯವರು ಕಾಲು ಮುರಿದು ಆಸ್ಪತ್ರೆಗೆ ಹೋಗಿದ್ದರು. ಟೀಚರನ್ನು ತಕ್ಷಣ ಅಲ್ಲಿಗೆ ಸಾಗಿಸಿದೆವು. ಅವರಿಗೂ ಇನ್ನು ಸಂಪರ್ಕಕ್ಕೆ ಬಂದವರೆಂದು ಪ್ರತ್ಯೇಕ ವಾಸ. ನಮ್ಮ ಮಹಡಿಯ ಮುಖ್ಯಸ್ಥೆ ತಾನೂ ಮನೆಯಲ್ಲಿ ಕ್ವಾರಂಟೈನಿನಲ್ಲಿದ್ದಳು. ಫೋನಿನಲ್ಲಿ ಅವಳ ದನಿ ಏರಲಿಲ್ಲ, ಅದೇ ಕಷ್ಟವಾಗಿತ್ತು.

"ನಿಯಮಗಳನ್ನ ಒಂದು ಕಾರಣಕ್ಕೆ ಮಾಡಿರ್ತಾರೆ. ಟೀಚರಿಗೆ ಏನಾದ್ರೂ ಆದ್ರೆ ಮನೆಯವರಿಗೆ ಏನಂತ ಹೇಳ್ತೀರಿ?"

"ನಾನು ಮಾಡಿದ್ದನ್ನೇ ಹೇಳ್ತೇನೆ" ಎಂದೆ. ಧೈರ್ಯದ ಮಾತಲ್ಲ ಅದು.

ಮನೆಯಲ್ಲಿ ನಾನೂ ಬೇರೆ ಮಲಗತೊಡಗಿದೆ. ಮಗಳು ಬಾಗಿಲ ಹೊರಗೆ ತಟ್ಟೆ ಇಟ್ಟು ದೂರ ಸರಿದು ನಿಲ್ಲುತ್ತಿದ್ದಳು. "ಮಮ್ಮಾ, ಇಟ್ಸ್ ಕರ್ಡ್ ರೈಸ್ ಅಗೇನ್. ಪಪ್ಪಾ ಕ್ಯಾನಾಟ್ ಕುಕ್, ಏಖ್ಟ್ ನೀತ್." ನಿಜವಾಗಿಯೂ ಬರುವುದಿಲ್ಲ ಎಂಬುದನ್ನು ಡಚ್ಚಿನಲ್ಲಿ ಹೇಳಿದರೆ ಅವಳಿಗೆ ಸಮಾಧಾನ. ಗಂಡ ಬಾಗಿಲಿಗೆ ಒರಗಿ ನಿಂತು ಮಾತಾಡುತ್ತಿದ್ದರು.

"ನೀನು ತಪ್ಪು ಮಾಡಿಲ್ಲ ಕಣೇ."

"ಅದು ಇನ್ನೂ ಗೊತ್ತಾಗ್ಲಿಲ್ಲ" ಎನ್ನುತ್ತಿದ್ದೆ.

ಪ್ರತಿ ಬೆಳಿಗ್ಗೆ ಕೆಲಸಕ್ಕೆ ಹೋದವಳು ಮೊದಲು ಪೂರ್ವದ ಆ ಕೋಣೆಗೆ ಹೋಗುತ್ತಿದ್ದೆ. ಜ್ವರ, ಉಸಿರು, ನಾಡಿ. ಥರ್ಮಾಮೀಟರ್ ಸದ್ದು ಮಾಡುವವರೆಗೂ ಅದರ ಅಂಕಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಎರಡನೆಯ ಪರೀಕ್ಷೆಯೂ ಮೂರನೆಯದೂ ಇಲ್ಲವೆಂದೇ ಬಂದವು. ಕಾಯುವ ಅವಧಿ ಮುಗಿಯಿತು. ಟೀಚರಿಗೆ ಸೋಂಕು ತಗುಲಲಿಲ್ಲ. ಗಾಳಿಯ ದಿಕ್ಕು ಕಾಪಾಡಿತೋ, ಪರದೆಯೋ, ಬರೀ ಅದೃಷ್ಟವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದೆಯೆಂದು ಹೇಳಿಕೊಳ್ಳುವ ಆಸೆಯೂ ಇಲ್ಲ.

ಈ ನಡುವೆ ದರ್ಜಿಯವರು ಕ್ಷೌರದ ಕೋಣೆಯಲ್ಲಿ ಒಬ್ಬರೇ ಉಳಿದಿದ್ದರು. ಆಸ್ಪತ್ರೆಗೆ ಹೋಗುವುದಿಲ್ಲ ಎಂದು ಅವರು ಮೊದಲೇ ಸ್ಪಷ್ಟವಾಗಿ ಹೇಳಿಟ್ಟಿದ್ದರು. ಅವರಿಗೆ ಒಬ್ಬಳೇ ಮಗಳು, ಶಾಲೆಯಲ್ಲಿ ಪಾಠ ಮಾಡುವವಳು. ಮಹಡಿ ಬಂದ್ ಆದ ಮೇಲೆ, ಅವರು ಇನ್ನೂ ಮೇಲಿದ್ದಾಗ, ಕೆಳಗೆ ರಸ್ತೆಯಲ್ಲಿ ನಿಂತು ಮೂರನೆಯ ಮಹಡಿಯ ಕಿಟಕಿಗೆ ಕೈಬೀಸಿ ಹೋಗುತ್ತಿದ್ದಳು. ಅಪ್ಪನಿಗೆ ಅಷ್ಟು ದೂರ ಕಣ್ಣು ಕಾಣದು. ಆದರೂ ಅವರು ಅಂದಾಜಿನಲ್ಲಿ ಕೈ ಎತ್ತುತ್ತಿದ್ದರು.

ಮುಖ್ಯಸ್ಥೆಗೆ ಫೋನ್ ಮಾಡಿದೆ. "ಆ ಕೋಣೆಗೆ ತೋಟದ ಕಡೆ ಬಾಗಿಲು ಇದೆ. ಮಗಳು ಹೊರಗೆ ಹುಲ್ಲಿನ ಮೇಲೆ ಕುರ್ಚಿ ಹಾಕ್ಕೊಂಡು ಕೂತ್ರೆ?"

ಬೈಯುತ್ತಾಳೆಂದು ಕಾದೆ. "ಒಂದೂವರೆ ಮೀಟರಿಗಿಂತ ಹತ್ತಿರ ಬೇಡ" ಎಂದಳು. ಆಮೇಲೆ, "ನೆರಳಲ್ಲಿ ಕೂರಿಸಿ, ಅವಳಿಗೂ ಸೆಕೆ ಆಗ್ತದೆ" ಎಂದಳು.

ಮಗಳು ಅಂದೇ ಬಂದಳು. ನಾವು ಮಂಚವನ್ನು ತೋಟದ ಬಾಗಿಲ ಕಡೆಗೆ ತಿರುಗಿಸಿದೆವು. ಅಪ್ಪನನ್ನು ಅಷ್ಟು ಹತ್ತಿರದಿಂದ ಕಂಡವಳು ಮೊದಲು ಅಂದದ್ದು, "ಅಪ್ಪಾ, ನಿಮ್ಮ ಕೂದಲು!"

ಮಾರ್ಚಿನಿಂದ ಕತ್ತರಿಸದ ಬಿಳಿಕೂದಲು ಕಿವಿ ಮುಚ್ಚಿ ಕುತ್ತಿಗೆಗೆ ಇಳಿದಿತ್ತು, ಬೆವರಿಗೆ ಅಂಟಿತ್ತು. ನಮಗೆ ಅದು ಕಂಡೇ ಇರಲಿಲ್ಲ. ಉಸಿರು, ಮೂತ್ರ, ಆಮ್ಲಜನಕ ನೋಡುತ್ತಿದ್ದೆವು, ಮನುಷ್ಯನ ತಲೆ ನೋಡಿರಲಿಲ್ಲ.

"ಇವರು ಕಾಲರಿಗೆ ಕೂದಲು ತಾಗೋಕೆ ಬಿಟ್ಟವರಲ್ಲ ಝುಸ್ಟರ್. ಅಂಗಡಿಯಲ್ಲಿ ಗಿರಾಕಿಗಳು ಏನಂದುಕೊಳ್ತಾರೆ ಅಂತ ಎರಡು ವಾರಕ್ಕೊಮ್ಮೆ ಕಟಿಂಗ್. ನೀವು ಸ್ವಲ್ಪ ಕತ್ತರಿಸ್ತೀರಾ?"

ನಾನು ಯಾರ ಕೂದಲನ್ನೂ ಕತ್ತರಿಸಿದವಳಲ್ಲ. ಆದರೆ ಡ್ರಾಯರಿನಲ್ಲಿ ಕತ್ತರಿ ಇತ್ತು, ಬಾಚಣಿಗೆ ಇತ್ತು, ಕೊರಳಿಗೆ ಕಟ್ಟುವ ಬಟ್ಟೆಯೂ ಇತ್ತು. ಮಂಚದ ತಲೆಯ ಭಾಗ ಎತ್ತಿ, ಎರಡು ಜೊತೆ ಗ್ಲೌಸು ಹಾಕಿದ ಕೈಯಲ್ಲಿ ಕತ್ತರಿ ಹಿಡಿದೆ. ಕನ್ನಡಕದ ಒಳಗೆ ಮಂಜು ಕಟ್ಟಿತ್ತು.

ದರ್ಜಿಯವರು ಕನ್ನಡಿಯಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದರು. ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಂಡು ಹೇಳಿದರು, "ಹೀಗೆ ಕತ್ತರಿ ಹಿಡಿಯೋರನ್ನ... ನನ್ನ ಅಂಗಡಿಯಲ್ಲಿ... ಒಂದು ದಿನವೂ ಇಟ್ಕೊಳ್ತಿರಲಿಲ್ಲ."

"ನಾನೂ ಅರ್ಜಿ ಹಾಕ್ತಿರಲಿಲ್ಲ ಮೆನೇರ್" ಎಂದೆ.

ಹೊರಗಿನಿಂದ ಮಗಳು ನಕ್ಕಳು. ಮರದಡಿ ಕುಳಿತು, "ಕಿವಿಯ ಹಿಂದೆ ಇನ್ನೂ ಸ್ವಲ್ಪ... ಹಾಂ, ಅಷ್ಟೇ. ಕುತ್ತಿಗೆ ನೇರ ಮಾಡಿ" ಎಂದು ಹೇಳುತ್ತಿದ್ದಳು. ಅಪ್ಪನೂ ಮಗಳೂ ಯಾವುದೋ ಹಳೆಯ ಗಿರಾಕಿಯ ಬಗ್ಗೆ, ಅವನು ಮದುವೆಯ ಸೂಟಿಗೆ ಅಳತೆ ಕೊಟ್ಟು ಮದುವೆಯ ಹೊತ್ತಿಗೆ ಹಿಡಿಸದಷ್ಟು ದಪ್ಪಗಾದ ಬಗ್ಗೆ ಮಾತಾಡಿಕೊಂಡರು. ನಾನು ಕತ್ತರಿಸುತ್ತಿದ್ದೆ. ಬಿಳಿಕೂದಲು ಟೈಲ್ಸಿನ ಮೇಲೆ ಬೀಳುತ್ತಿತ್ತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು, ಒರೆಸಿಕೊಳ್ಳುವಂತಿರಲಿಲ್ಲ. ಆ ತಿಂಗಳಲ್ಲಿ ನನ್ನ ಕೈ ಮಾಡಿದ ಕೆಲಸಗಳಲ್ಲಿ ದಣಿವೆನಿಸದ ಕೆಲಸ ಅದೊಂದೇ ಎಂದು ಆಮೇಲೆ ಅನಿಸಿತು.

ಸ್ವಲ್ಪ ದಿನದಲ್ಲಿ ಗುಡುಗು ಮಳೆ ಬಂದು ಸೆಕೆ ಒಡೆಯಿತು. ಒಂದೇ ರಾತ್ರಿಯಲ್ಲಿ ಊರು ತಣ್ಣಗಾಯಿತು, ಕಾಲುವೆಯ ದಂಡೆಗಳು ಖಾಲಿಯಾದವು. ನನ್ನ ಮಗಳು ಬಚ್ಚಲುಮನೆ ಬಿಟ್ಟುಕೊಟ್ಟಳು. ಆದರೆ ದರ್ಜಿಯವರ ಆಮ್ಲಜನಕ ಇಳಿಯುತ್ತ ಹೋಯಿತು. ವೈದ್ಯರು ಸ್ವತಃ ಬಂದು ನೋಡಿ, ಉಸಿರುಗಟ್ಟುವ ಸಂಕಟ ತಿಳಿಯದಂತೆ ಔಷಧಿ ಶುರುಮಾಡಿದರು. ಕೊನೆಯ ಹೊತ್ತಿನಲ್ಲಿ ಮನೆಯವರೊಬ್ಬರು ಒಳಬರಬಹುದೆಂದು ನಿಯಮವಿತ್ತು. ನಾನು ಅವರ ಮಗಳಿಗೆ ಗೌನು ಕಟ್ಟಿ, ಮಾಸ್ಕಿನ ತಂತಿಯನ್ನು ಮೂಗಿಗೆ ಒತ್ತಿ, ಗ್ಲೌಸು ಹಾಕಿಸಿ ಒಳಗೆ ಕರೆದೊಯ್ದೆ. ತೋಟದ ಬಾಗಿಲನ್ನು ತೆರೆದೇ ಇಟ್ಟೆವು. ಹೊರಗೆ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನಕ್ಕೆ ಮುಂಚೆ, ಅವಳು ಕೈಹಿಡಿದು ಕುಳಿತಿದ್ದಾಗ ಅವರು ಹೋದರು.

ಆಮೇಲಿನ ಕ್ರಮ ಬಿಗಿಯಾಗಿತ್ತು. ಒಮ್ಮೆ ದೇಹವಿಟ್ಟ ಚೀಲ ಮುಚ್ಚಿದರೆ ಮತ್ತೆ ತೆರೆಯುವಂತಿಲ್ಲ, ಮುಖ ನೋಡುವಂತಿಲ್ಲ. ಅದನ್ನು ಅವಳಿಗೆ ಹೇಳಬೇಕಾದವಳು ನಾನು. ಹೇಳಿದೆ. ಅವಳು ತಲೆಯಾಡಿಸಿದಳು. ಬಹಳ ಹೊತ್ತು ಅಪ್ಪನ ಮುಖವನ್ನೇ ನೋಡುತ್ತಿದ್ದಳು, ತಲೆಯನ್ನು ಒಂದು ಬದಿಗೆ ವಾಲಿಸಿ, ಅಳತೆ ನೋಡುವವಳ ಹಾಗೆ.

"ಝುಸ್ಟರ್," ಎಂದಳು, "ಎಡಗಡೆ ಸ್ವಲ್ಪ ಉದ್ದ ಉಳಿದಿದೆ."

ನೋಡಿದೆ. ಹೌದು, ಉಳಿದಿತ್ತು. ಡ್ರಾಯರಿನಿಂದ ಕತ್ತರಿ ತೆಗೆದು ಅವಳ ಕೈಗೆ ಕೊಟ್ಟು, ತಲೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಹಿಡಿದೆ. ಅವಳು ಅವಸರ ಮಾಡಲಿಲ್ಲ.